ಹಳೆಯ ಪಿಕಪ್ಪಿನ ಹೊಸ ತಂತಿ

ಮಳೆಗಾಲ ಕಳೆದು ಅಡಿಕೆ ಕೊಯ್ಲು ಹತ್ತಿರವಾದಂತೆ ಮಲೆನಾಡಿನ ಅನೇಕ ಮನೆಗಳಲ್ಲಿ ಒಂದು ವಾರ್ಷಿಕ ವಿಧಿ ನಡೆಯುತ್ತದೆ. ನಾಲ್ಕು ತಿಂಗಳಿಂದ ಮಾಡಿನ ಅಡಿ ನಿಂತಿದ್ದ ಹಳೆಯ ಜೀಪು-ಪಿಕಪ್ಪನ್ನು ಎಬ್ಬಿಸುವ ವಿಧಿ ಅದು. ಬ್ಯಾಟರಿ ಸತ್ತಿರುತ್ತದೆ. ಬೇರೆ ಬ್ಯಾಟರಿ ತಂದು ಜೋಡಿಸಿದರೆ ಸೆಲ್ಫ್ ಒಮ್ಮೆ ಗೊರಗುಟ್ಟಿ ಸುಮ್ಮನಾಗುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪ ಮಿಣುಕುತ್ತದೆ. ಹೆಡ್‌ಲೈಟ್ ಹಾಕಿದರೆ ಒಂದು ಕಣ್ಣು ಮಾತ್ರ ತೆರೆಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಇಣುಕಿದವರಿಗೆ ಇಲಿ ಕಡಿದ ತಂತಿ, ಅಂಟು ಬಿಟ್ಟು ಜೋಲುವ ಟೇಪು, ಹಸಿರುಗಟ್ಟಿದ ತಾಮ್ರ ಕಾಣುತ್ತವೆ. ಪೇಟೆಯಿಂದ ಬಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ತೀರ್ಪು ಹೇಳುತ್ತಾನೆ: “ವೈರಿಂಗ್ ಪೂರ್ತಿ ಹೋಗಿದೆ ಗೌಡ್ರೇ. ಇದಕ್ಕೆ ದುಡ್ಡು ಸುರಿಯೋದಕ್ಕಿಂತ ಗುಜರಿಗೆ ಕೊಡೋದು ಒಳ್ಳೇದು.”

ಈ ತೀರ್ಪು ಬಹುಪಾಲು ಸಂದರ್ಭಗಳಲ್ಲಿ ತಪ್ಪು. ಅಲ್ಲಿ ಸತ್ತಿರುವುದು ವಾಹನದ ನರಗಳು ಮಾತ್ರ. ಚಾಸಿಸ್, ಎಂಜಿನ್, ಗೇರುಪೆಟ್ಟಿಗೆ, ಆಕ್ಸಲ್‌ಗಳು ಇನ್ನೂ ದುಡಿಯಬಲ್ಲ ಸ್ಥಿತಿಯಲ್ಲಿರುತ್ತವೆ. ಒಬ್ಬಾಳು ಕೈಯಲ್ಲಿ ಎತ್ತಿ ಒಯ್ಯಬಹುದಾದಷ್ಟು ತಂತಿ ಕೆಟ್ಟಿತೆಂದು ಟನ್ನಿಗೂ ಮಿಕ್ಕಿದ ಲೋಹವನ್ನು ಕುಲುಮೆಗೆ ಕಳಿಸುವುದು ಲೆಕ್ಕಕ್ಕೆ ಕೂಡದ ವ್ಯವಹಾರ. ಮನೆಯ ಯಜಮಾನನ ಜೇಬಿನ ಲೆಕ್ಕ ಒಂದಾದರೆ, ಗಣಿ, ಕಾಡು, ನದಿಗಳ ಲೆಕ್ಕ ಇನ್ನೊಂದು. ಎರಡನೆಯ ಲೆಕ್ಕವನ್ನು ಮೂರು ದಶಕಗಳಿಂದ ಮಾತನಾಡುತ್ತ ಬಂದ ಪರಿಸರ ಚಳವಳಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಈ ವಿಷಯವನ್ನು ಯೋಚಿಸಿದ್ದು ಕಡಿಮೆ.

ಎಂಟು ದಾರಿಗಳ ಯಂತ್ರ

ಮಲೆನಾಡಿನ ದಾರಿಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ ಈ ವಾಹನಗಳ ಮೂಲ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು. ಯುದ್ಧ ಮುಗಿದ ಮೇಲೆ ಅಮೆರಿಕದ ವಿಲ್ಲಿಸ್-ಓವರ್‌ಲ್ಯಾಂಡ್ ಸಂಸ್ಥೆ ಅದೇ ಗುಣದ ಪಿಕಪ್ ಟ್ರಕ್ಕನ್ನು 1947ರಲ್ಲಿ ಹೊರತಂದಿತು; ಅದರ ತಯಾರಿಕೆ 1965ರವರೆಗೆ ನಡೆಯಿತು. ಭಾರತದಲ್ಲಿ ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸಲಾರಂಭಿಸಿ, ಮುಂದೆ ಪರವಾನಗಿ ಪಡೆದು ಇಲ್ಲಿಯೇ ತಯಾರಿಸಿತು. ಕಾಫಿ ತೋಟ, ಏಲಕ್ಕಿ ಮಲೆ, ಅಡಿಕೆಯ ಕಣಿವೆಗಳಿಗೆ ರಸ್ತೆ ಬರುವ ಮೊದಲೇ ಜೀಪು ಬಂದಿತ್ತು. ಹಿಂಬದಿಯನ್ನು ತೆರೆದು ಹಲಗೆ ಕಟ್ಟಿ ಪಿಕಪ್ ಮಾಡಿಕೊಂಡವರೂ ಬಹಳ. ಸೊಪ್ಪು, ಗೊಬ್ಬರ, ಅಡಿಕೆ ಮೂಟೆ, ಮದುವೆಯ ಪಾತ್ರೆ, ಹೆರಿಗೆ ನೋವಿನ ಹೆಣ್ಣುಮಗಳು, ಎಲ್ಲವೂ ಅದರ ಹಿಂಬದಿಯಲ್ಲಿ ಘಾಟಿ ಇಳಿದಿವೆ.

ಅದರ ವಿದ್ಯುತ್ ವ್ಯವಸ್ಥೆ ಎಷ್ಟು ಸರಳವೆಂದರೆ ಅದನ್ನು ಒಂದು ಹಾಳೆಯ ಮೇಲೆ ಬರೆಯಬಹುದು. ಬ್ಯಾಟರಿಗೆ ವಿದ್ಯುತ್ ತುಂಬುವ ದಾರಿ, ಸೆಲ್ಫ್ ತಿರುಗಿಸುವ ದಾರಿ, ಇಗ್ನಿಷನ್ ದಾರಿ, ಹೆಡ್‌ಲೈಟ್, ಸಣ್ಣ ದೀಪ ಮತ್ತು ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್ ಮತ್ತು ವೈಪರ್, ಪೆಟ್ರೋಲ್ ಹಾಗೂ ಉಷ್ಣತೆಯ ಮೀಟರ್: ಎಣಿಸಿದರೆ ಎಂಟು ದಾರಿಗಳು. ಪ್ರತಿಯೊಂದೂ ಬ್ಯಾಟರಿಯ ಒಂದು ತುದಿಯಿಂದ ಹೊರಟು, ಸ್ವಿಚ್ಚಿನ ಮೂಲಕ ಹಾದು, ಕೆಲಸ ಮಾಡಿ, ವಾಹನದ ಉಕ್ಕಿನ ಮೈಯ ಮೂಲಕವೇ ಬ್ಯಾಟರಿಯ ಇನ್ನೊಂದು ತುದಿಗೆ ಮರಳುತ್ತದೆ. ಇದರಲ್ಲಿ ಕಂಪ್ಯೂಟರ್ ಇಲ್ಲ, ಗುಪ್ತಲಿಪಿ ಇಲ್ಲ. ಹನ್ನೆರಡು ವೋಲ್ಟಿನ ಬಲ್ಬಿಗೆ ಎರಡು ತುಂಡು ತಂತಿ ಕಟ್ಟಿ ಮಾಡಿದ ಟೆಸ್ಟ್ ಲ್ಯಾಂಪ್ ಒಂದಿದ್ದರೆ ಇಡೀ ವಾಹನವನ್ನು ಓದಬಹುದು. ಇಂದಿನ ವಾಹನಗಳಲ್ಲಿ ತಂತಿಯ ಉದ್ದ ಕಿಲೋಮೀಟರನ್ನು ಮೀರುತ್ತದೆ. ಅನೇಕ ನಿಯಂತ್ರಣ ಪೆಟ್ಟಿಗೆಗಳು ಪರಸ್ಪರ ಸಂಕೇತಗಳಲ್ಲಿ ಮಾತನಾಡುತ್ತವೆ. ಆ ಮಾತನ್ನು ಕೇಳಿಸಿಕೊಳ್ಳಲು ತಕ್ಕ ಉಪಕರಣ ಬೇಕು. ಹಳೆಯ ಪಿಕಪ್ಪಿನ ಜ್ಞಾನ ಊರಿನದ್ದು. ಹೊಸ ವಾಹನದ ಜ್ಞಾನ ಕಂಪನಿಯದ್ದು. ಈ ವ್ಯತ್ಯಾಸ ಕೇವಲ ತಾಂತ್ರಿಕವಾದುದಲ್ಲ.

ತಂತಿ ಸಾಯುವ ಬಗೆ

ತಾಮ್ರಕ್ಕೆ ಬೇಗ ಮುಪ್ಪು ಬಾರದು. ಮುಪ್ಪು ಬರುವುದು ಅದರ ಹೊದಿಕೆಗೆ. ಹಳೆಯ ತಂತಿಗಳಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿಯ ನೂಲಿನ ಹೆಣಿಗೆ ಇರುತ್ತಿತ್ತು. ಎಂಜಿನ್ನಿನ ಬಿಸಿ, ಎಣ್ಣೆ, ತೇವ ಮೂರೂ ಸೇರಿ ರಬ್ಬರನ್ನು ಗಟ್ಟಿಗೊಳಿಸಿ ಬಿರುಕು ಬಿಡಿಸುತ್ತವೆ. ಬಗ್ಗಿಸಿದ ಕೂಡಲೇ ಅದು ಪುಡಿಯಾಗಿ ಉದುರುತ್ತದೆ. ನಂತರ ಬಂದ ಪಿವಿಸಿ ಹೊದಿಕೆ ಹೆಚ್ಚು ಬಾಳುತ್ತದೆಯಾದರೂ ಇಲಿ-ಅಳಿಲುಗಳಿಗೆ ಅದರ ಮೇಲೆ ದಯೆಯಿಲ್ಲ. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿನ ಆರ್ದ್ರತೆಯಲ್ಲಿ ತಿರುಚಿ ಟೇಪು ಸುತ್ತಿದ ಪ್ರತಿಯೊಂದು ಗಂಟೂ ಒಂದು ಗಾಯವೇ. ನೀರು ಒಳಗೆ ಇಳಿಯುತ್ತದೆ, ತಾಮ್ರ ಹಸಿರಾಗುತ್ತದೆ, ಗಂಟಿನ ತಡೆ ಏರುತ್ತದೆ, ಗಂಟು ಬಿಸಿಯಾಗುತ್ತದೆ.

ಇನ್ನೊಂದು ಕಾರಣ ಮನುಷ್ಯರದ್ದು. ಮೂಲ ವಾಹನದ ಮೇಲೆ ದಶಕಗಳ ಅವಧಿಯಲ್ಲಿ ಒಂದೊಂದೇ ಸೇರ್ಪಡೆಯಾಗುತ್ತದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದಾಗ ಹೀಟರ್ ಪ್ಲಗ್ಗಿಗೆಂದು ಒಂದು ತಂತಿ ಎಳೆಯಲಾಯಿತು. ಡೈನಮೊ ಜಾಗಕ್ಕೆ ಆಲ್ಟರ್ನೇಟರ್ ಬಂದಾಗ ಹಳೆಯ ಕಟ್‌ಔಟ್ ಹಾಗೆಯೇ ನೇತಾಡುತ್ತ ಉಳಿಯಿತು. ಮಂಜು ದೀಪಕ್ಕೆ ಒಬ್ಬರು, ಟೇಪ್ ರೆಕಾರ್ಡರಿಗೆ ಇನ್ನೊಬ್ಬರು, ಮನೆದೇವರ ಪಟದ ಮೇಲಿನ ಬಣ್ಣದ ಬಲ್ಬಿಗೆ ಮತ್ತೊಬ್ಬರು, ಹತ್ತಿರ ಸಿಕ್ಕ ತಂತಿಯನ್ನೇ ಕೊಯ್ದು ಜೋಡಿಸಿದರು. ಯಾರೂ ಬರೆದಿಡಲಿಲ್ಲ. ಹೀಗೆ ಒಂದು ಹಾಳೆಯಲ್ಲಿ ಹಿಡಿಯುತ್ತಿದ್ದ ವ್ಯವಸ್ಥೆ ಯಾರಿಗೂ ಅರ್ಥವಾಗದ ಹಕ್ಕಿಗೂಡಾಯಿತು. ಮೆಕ್ಯಾನಿಕ್ ಕೈಚೆಲ್ಲುವುದು ಆ ಗೂಡನ್ನು ಕಂಡು.

ಇಂಡಿಕೇಟರ್ ಹಾಕಿದರೆ ಬೇರೆ ದೀಪ ಮಿಣುಕುವ ಸೋಜಿಗದ ಹಿಂದೆಯೂ ದೆವ್ವವೇನಿಲ್ಲ. ಹಿಂದಿನ ದೀಪದ ಬುಡ ಚಾಸಿಸ್‌ಗೆ ತಾಗುವಲ್ಲಿ ತುಕ್ಕು ಹಿಡಿದಿದೆ, ಅಂದರೆ ಅರ್ತ್ ಹೋಗಿದೆ ಎಂದಷ್ಟೇ ಅದರ ಅರ್ಥ. ಮರಳುವ ದಾರಿ ಮುಚ್ಚಿದಾಗ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ಸುತ್ತು ಹಾಕಿ ಹೋಗುತ್ತದೆ. ಹಳೆಯ ವಾಹನಗಳ ದೊಡ್ಡ ಪಾಲು ರೋಗಗಳ ಬೇರು ಇಲ್ಲಿಯೇ ಇದೆ. ಬಣ್ಣ ಕೆರೆದು, ಉಕ್ಕು ಹೊಳೆಯುವಂತೆ ಉಜ್ಜಿ, ಒಂದು ಬೋಲ್ಟು ಬಿಗಿ ಮಾಡಿ, ಮೇಲೆ ಗ್ರೀಸು ಸವರಿದರೆ ಮುಗಿಯುವ ಕೆಲಸಕ್ಕೆ ಗುಜರಿಯ ಶಿಕ್ಷೆ ಹೆಚ್ಚಾಯಿತು.

ಹೊಸದಾಗಿ ಕಟ್ಟುವ ಕ್ರಮ

ಸಂಪೂರ್ಣ ಕೆಟ್ಟ ವೈರಿಂಗನ್ನು ತೇಪೆ ಹಾಕಿ ಉಳಿಸಬಾರದು, ಹೊಸದಾಗಿ ಕಟ್ಟಬೇಕು. ಹಾಗೆ ಕಟ್ಟುವವರು ಮೊದಲು ಕತ್ತರಿ ಹಿಡಿಯುವುದಿಲ್ಲ, ಪೆನ್ಸಿಲ್ ಹಿಡಿಯುತ್ತಾರೆ. ಬ್ಯಾಟರಿಯ ತಂತಿ ಬಿಚ್ಚಿಟ್ಟು, ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಕಟ್ಟಿ, ಎಲ್ಲಿಂದ ಎಲ್ಲಿಗೆ ಎಂದು ಹಾಳೆಯಲ್ಲಿ ಗೆರೆ ಎಳೆಯುತ್ತಾರೆ. ಬ್ರಿಟಿಷ್ ಪದ್ಧತಿಯ ವಾಹನಗಳಲ್ಲಿ ಬಣ್ಣವೇ ಭಾಷೆ: ಕಂದು ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಇಗ್ನಿಷನ್ನಿನದ್ದು, ಹಸಿರು ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟಿನದ್ದು, ಕೆಂಪು ಸಣ್ಣ ದೀಪದ್ದು, ಕಪ್ಪು ಅರ್ತ್. ಮೂಲ ವಾಹನದ ಬಣ್ಣ ಯಾವುದೇ ಇರಲಿ, ಹೊಸ ತಂತಿಗೂ ಒಂದು ಬಣ್ಣದ ನಿಯಮ ಇಟ್ಟುಕೊಂಡರೆ ಮುಂದೆ ರಿಪೇರಿ ಮಾಡುವವನಿಗೆ ಉಪಕಾರ. ವಾಹನ ಎಷ್ಟು ವೋಲ್ಟಿನದು, ಅರ್ತ್ ಯಾವ ತುದಿಗೆ ಎಂಬುದನ್ನೂ ಆಗಲೇ ನೋಡಬೇಕು. ಯುದ್ಧಕಾಲದ ಜೀಪು ಆರು ವೋಲ್ಟಿನದು. ಹಳೆಯ ಬ್ರಿಟಿಷ್ ವಾಹನಗಳಲ್ಲಿ ಪಾಸಿಟಿವ್ ತುದಿ ಅರ್ತ್ ಆಗಿರುವುದುಂಟು. ಅದನ್ನು ಗಮನಿಸದೆ ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಎರಡನೆಯ ಮಾತು ತಂತಿಯ ದಪ್ಪದ್ದು. ಹಳೆಯ ವಾಹನಗಳಲ್ಲಿ ಹೆಡ್‌ಲೈಟಿನ ವಿದ್ಯುತ್ತೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಕಾಲಡಿಯ ಡಿಮ್ ಸ್ವಿಚ್ಚಿಗೆ ಇಳಿದು, ಮತ್ತೆ ಮುಂದಕ್ಕೆ ಹೋಗುತ್ತದೆ. ಈ ದಾರಿ ಆರು ಮೀಟರ್, ತಂತಿ ಒಂದು ಚದರ ಮಿ.ಮೀ. ದಪ್ಪದ್ದು ಎಂದಿಟ್ಟುಕೊಂಡರೆ ಅದರ ತಡೆ ಸುಮಾರು 0.1 ಓಮ್. ತಲಾ 55 ವ್ಯಾಟಿನ ಎರಡು ಬಲ್ಬುಗಳು ಎಳೆಯುವ ಒಂಬತ್ತು ಆಂಪಿಯರಿಗೆ ಅಲ್ಲಿಯೇ 0.9 ವೋಲ್ಟು ಸೋರಿಹೋಗುತ್ತದೆ. ಸವೆದ ಸ್ವಿಚ್ಚು, ತುಕ್ಕಿನ ಅರ್ತ್ ಸೇರಿದರೆ ನಷ್ಟ ಇನ್ನೂ ಹೆಚ್ಚು. ಫಿಲಮೆಂಟ್ ಬಲ್ಬಿನ ಸ್ವಭಾವ ಹೇಗೆಂದರೆ ವೋಲ್ಟೇಜು ಶೇ. 10ರಷ್ಟು ಇಳಿದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಘಾಟಿಯ ತಿರುವಿನಲ್ಲಿ, ಮಂಜಿನಲ್ಲಿ ಆ ಶೇ. 30ರ ಬೆಲೆ ಏನೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಕು ಸಾಲದೆಂದು ನೂರು ವ್ಯಾಟಿನ ಬಲ್ಬು ಹಾಕಿಸುವವರು ಅದೇ ಸಣ್ಣ ತಂತಿಯ ಮೇಲೆ ಇಮ್ಮಡಿ ಹೊರೆ ಹೇರುತ್ತಾರೆ. ಸ್ವಿಚ್ಚು ಕರಗುತ್ತದೆ, ಹೊಗೆ ಏಳುತ್ತದೆ. ಪರಿಹಾರ ಇದಕ್ಕಿಂತ ಅಗ್ಗವಾದುದು. ಬ್ಯಾಟರಿಯಿಂದ ದೀಪಕ್ಕೆ ಎರಡೂವರೆ ಚದರ ಮಿ.ಮೀ. ತಂತಿಯನ್ನು ನೇರವಾಗಿ ಎಳೆದು, ನಡುವೆ ಫ್ಯೂಸು ಮತ್ತು ರಿಲೇ ಕೂರಿಸುವುದು. ಆಗ ಹಳೆಯ ಸ್ವಿಚ್ಚು ರಿಲೇಯನ್ನು ಮಾತ್ರ ತಟ್ಟಿ ಎಬ್ಬಿಸುತ್ತದೆ. ಅದಕ್ಕೆ ಬೇಕಾಗುವುದು ಒಂದು ಆಂಪಿಯರಿನ ಸಣ್ಣ ಪಾಲು. ಹಳೆಯ ಬಲ್ಬೇ ಹೊಸದರಂತೆ ಉರಿಯುತ್ತದೆ.

ಮೂರನೆಯದು ಫ್ಯೂಸ್. ಮೂಲ ಜೀಪುಗಳಲ್ಲಿ ಫ್ಯೂಸುಗಳು ಬಹಳ ಕಡಿಮೆ. ಹಲವು ದಾರಿಗಳಿಗೆ ಕಾವಲೇ ಇರಲಿಲ್ಲ. ಫ್ಯೂಸು ಕಾಯುವುದು ತಂತಿಯನ್ನು, ಬಲ್ಬನ್ನಲ್ಲ. ಆದ್ದರಿಂದ ತಂತಿ ತಾಳುವುದಕ್ಕಿಂತ ಕಡಿಮೆ ಅಳತೆಯ ಫ್ಯೂಸನ್ನು, ವಿದ್ಯುತ್ ಹೊರಡುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರ ಇಡಬೇಕು. ಫ್ಯೂಸು ಹೋದಾಗ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಸಾಗುವ ಪರಿಪಾಠ ಎಷ್ಟು ವಾಹನಗಳನ್ನು ಸುಟ್ಟಿದೆಯೋ. ಜೊತೆಗೆ ಪ್ರತಿ ತುದಿಗೆ ಲಗ್ ಒತ್ತಿ ಕೂರಿಸುವುದು, ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರ್ ಬಳೆ ಹಾಕುವುದು, ಸೈಲೆನ್ಸರಿನಿಂದ ದೂರ ಒಯ್ಯುವುದು, ಎಂಜಿನ್ನಿನಿಂದ ಚಾಸಿಸ್‌ಗೆ ದಪ್ಪನೆಯ ಅರ್ತ್ ಪಟ್ಟಿ ಕಟ್ಟುವುದು ಮುಂತಾದ ಸಣ್ಣ ಶಿಸ್ತುಗಳಿವೆ. ಡೈನಮೊ ಬದಲು ಆಲ್ಟರ್ನೇಟರ್ ಇದ್ದಲ್ಲಿ ಅದರಿಂದ ಬ್ಯಾಟರಿಗೆ ಬರುವ ತಂತಿ ಇನ್ನೂ ದಪ್ಪವಿರಬೇಕು. ಕೊನೆಗೆ ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 14 ವೋಲ್ಟಿನ ಆಸುಪಾಸು ಕಂಡರೆ ಕೆಲಸ ಮುಗಿಯಿತು.

ಇಷ್ಟನ್ನು ಬಲ್ಲ ಕೈಗಳು ಕೆಲವೇ ದಿನಗಳಲ್ಲಿ ಮಾಡಿ ಮುಗಿಸುತ್ತವೆ. ಖರ್ಚಿನ ದೊಡ್ಡ ಪಾಲು ಕೂಲಿಯಾಗಿ ಊರಿನಲ್ಲಿಯೇ ಉಳಿಯುತ್ತದೆ. ಬರೆದ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಅಡಿ ಇಟ್ಟರೆ ಇನ್ನೊಂದು ತಲೆಮಾರು ಆ ವಾಹನವನ್ನು ಓದಬಲ್ಲದು.

ಸೀಸ ಮತ್ತು ತಾಮ್ರದ ಲೆಕ್ಕ

ಕೆಟ್ಟ ವೈರಿಂಗಿನ ಮೊದಲ ಬಲಿ ಬ್ಯಾಟರಿ. ಹೊದಿಕೆ ಹರಿದ ತಂತಿಯೊಂದು ತೇವದ ತಗಡಿಗೆ ತಾಗಿ 0.2 ಆಂಪಿಯರಿನಷ್ಟು ಸೋರಿದರೂ 60 ಆಂಪಿಯರ್-ಗಂಟೆಯ ಬ್ಯಾಟರಿ ಹದಿಮೂರು ದಿನಕ್ಕೆ ಬರಿದಾಗುತ್ತದೆ. ಬರಿದಾಗಿ ನಿಂತ ಬ್ಯಾಟರಿಯ ಫಲಕಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅದು ಚಾರ್ಜು ಹಿಡಿಯುವುದಿಲ್ಲ. ಹೀಗೆ ಹಲವು ವರ್ಷ ಬಾಳಬೇಕಾದುದು ಒಂದೆರಡು ಮಳೆಗಾಲಕ್ಕೇ ಸಾಯುತ್ತದೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸತ್ತ ಬ್ಯಾಟರಿಗಳಲ್ಲಿ ಒಂದು ಪಾಲು ಪರವಾನಗಿಯಿಲ್ಲದ ಕುಲುಮೆಗಳಿಗೆ ಹೋಗುತ್ತದೆ. ಅಲ್ಲಿ ಆಮ್ಲವನ್ನು ನೆಲಕ್ಕೆ ಚೆಲ್ಲಿ, ಸೀಸವನ್ನು ಬಯಲಿನಲ್ಲಿ ಕರಗಿಸುತ್ತಾರೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನಿಯಮ ಒಳ್ಳೆಯದೇ, ಆದರೆ ಸಾಯಬೇಕಿಲ್ಲದ ಬ್ಯಾಟರಿಯನ್ನು ಸಾಯಗೊಡದಿರುವುದು ಅದಕ್ಕಿಂತ ಒಳ್ಳೆಯದು. ಒಂದು ಸುಸ್ಥಿತಿಯ ವೈರಿಂಗ್ ಮಾಡುವ ಪರಿಸರ ಸೇವೆ ಇದು.

ಕಿತ್ತು ತೆಗೆದ ಹಳೆಯ ತಂತಿಯ ಗತಿಯೂ ವಿಚಾರಾರ್ಹ. ತಾಮ್ರ ಬೇಗ ಕೈಗೆ ಬರಲೆಂದು ತಂತಿಯ ರಾಶಿಗೆ ಬೆಂಕಿ ಹಚ್ಚುವ ದೃಶ್ಯ ಪೇಟೆಗಳ ಅಂಚಿನಲ್ಲಿ ಅಪರೂಪವಲ್ಲ. ಪಿವಿಸಿ ಉರಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಮತ್ತು ಡಯಾಕ್ಸಿನ್‌ನಂತಹ ಘೋರ ವಿಷಗಳು ಹುಟ್ಟುತ್ತವೆ. ಹೊದಿಕೆಯನ್ನು ಸುಲಿದು ತಾಮ್ರವನ್ನಷ್ಟೇ ಮಾರುವುದು ಅರ್ಧ ದಿನದ ಕೆಲಸ. ಹಳೆಯ ವಾಹನ ಉಳಿಸಿದೆನೆಂದು ಹೆಮ್ಮೆಪಡುವವರು ಹಳೆಯ ತಂತಿಯನ್ನು ಹಿತ್ತಲಿನಲ್ಲಿ ಸುಟ್ಟರೆ ಆ ಹೆಮ್ಮೆಗೆ ಅರ್ಥವಿಲ್ಲ.

ಕುದುರೆಮುಖದ ನೆನಪು ಇಲ್ಲಿ ಸಹಜವಾಗಿಯೇ ಬರುತ್ತದೆ. 1976ರಲ್ಲಿ ಸ್ಥಾಪನೆಯಾದ ಕಂಪನಿ ಅಲ್ಲಿ ಕಬ್ಬಿಣದ ಅದಿರನ್ನು ತೆಗೆಯಿತು. ಭದ್ರೆಯ ನೀರು ಕೆಂಪಾಯಿತು. ದೀರ್ಘ ಹೋರಾಟದ ನಂತರ ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಗಣಿ ಮುಚ್ಚಿತೆಂದು ಉಕ್ಕಿನ ಬೇಡಿಕೆ ಮುಚ್ಚಲಿಲ್ಲ. ಅಗೆತ ಬೇರೆ ಬೆಟ್ಟಗಳಿಗೆ, ಬೇರೆಯವರ ಹಳ್ಳಿಗಳಿಗೆ ಹೋಯಿತು. ಹೀಗಿರುವಾಗ ತನ್ನ ಬೆಟ್ಟದ ಅದಿರು ಬೆಟ್ಟದಲ್ಲಿಯೇ ಇರಲಿ ಎಂದ ಚಳವಳಿಗೆ, ಈಗಾಗಲೇ ಯಾವುದೋ ಬೆಟ್ಟದಿಂದ ಹೊರಬಂದ ಲೋಹವನ್ನು ಎಷ್ಟು ಕಾಲ ಬಾಳಿಸಬೇಕು ಎಂಬ ಬಗ್ಗೆಯೂ ಒಂದು ನಿಲುವು ಇರಬೇಕಾಗುತ್ತದೆ.

ಹೊಗೆಯ ಪ್ರಶ್ನೆ

ಹಳೆಯ ಎಂಜಿನ್ ಹೊಗೆ ಉಗುಳುತ್ತದೆ, ಹೆಚ್ಚು ಎಣ್ಣೆ ಕುಡಿಯುತ್ತದೆ, ಅದನ್ನು ಉಳಿಸುವುದು ಎಂಥ ಪರಿಸರ ಪ್ರೇಮ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು, ಅದಕ್ಕೆ ಉತ್ತರ ಭಾವನೆಯಿಂದ ಬರಬಾರದು, ಲೆಕ್ಕದಿಂದ ಬರಬೇಕು. ಲೀಟರಿಗೆ ಎಂಟು ಕಿಲೋಮೀಟರ್ ಓಡುವ ಹಳೆಯ ಪೆಟ್ರೋಲ್ ಪಿಕಪ್ಪಿನ ಬದಲು ಹನ್ನೆರಡು ಓಡುವ ಹೊಸದನ್ನು ತಂದರು ಎಂದುಕೊಳ್ಳೋಣ. ತೋಟದಿಂದ ಮಂಡಿಗೆ, ಸೊಸೈಟಿಗೆ ಓಡಾಡುವ ವಾಹನ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೆ ಉಳಿಯುವ ಪೆಟ್ರೋಲು ಸುಮಾರು 83 ಲೀಟರ್. ಲೀಟರಿಗೆ 2.3 ಕಿಲೋ ಇಂಗಾಲದ ಡೈಆಕ್ಸೈಡಿನಂತೆ ವರ್ಷಕ್ಕೆ 190 ಕಿಲೋ ಉಳಿತಾಯ. ಅತ್ತ ಹೊಸ ಪಿಕಪ್ಪಿನಲ್ಲಿ ಒಂದೇ ಟನ್ ಉಕ್ಕಿದೆ ಎಂದಿಟ್ಟುಕೊಂಡರೂ, ಅದಿರಿನಿಂದ ಒಂದು ಟನ್ ಉಕ್ಕು ಮಾಡುವಾಗ ಎರಡು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉಕ್ಕಿನ ಆ ಸಾಲ ತೀರಲಿಕ್ಕೇ ಹತ್ತು ವರ್ಷ ಬೇಕು. ಟೈರು, ಗಾಜು, ಪ್ಲಾಸ್ಟಿಕ್, ಅಲ್ಯೂಮಿನಿಯಂ, ತಾಮ್ರಗಳ ಸಾಲ ಬೇರೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡುವ ಪ್ರಾಮಾಣಿಕತೆಯೂ ಬೇಕು. ಅದೇ ಪಿಕಪ್ಪು ಬಾಡಿಗೆಗೆಂದು ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದರೆ ಉಕ್ಕಿನ ಸಾಲ ಒಂದು ವರ್ಷ ಕಳೆಯುವಷ್ಟರಲ್ಲಿ ತೀರಿಹೋಗುತ್ತದೆ. ಆ ಮೇಲೆ ಹಳೆಯದನ್ನು ಓಡಿಸುವುದು ನಷ್ಟವೇ. ಪೇಟೆಯ ಜನಸಂದಣಿಯ ನಡುವೆ ದಿನವಿಡೀ ಕಪ್ಪು ಹೊಗೆ ಬಿಡುವ ವಾಹನಕ್ಕೆ ಯಾವ ಸಮರ್ಥನೆಯೂ ಇಲ್ಲ. ಚಾಸಿಸ್ ಕೊಳೆತ, ಬ್ರೇಕು ನಿಲ್ಲದ ವಾಹನಕ್ಕೆ ಹೊಸ ತಂತಿ ಹಾಕುವುದು ಹೆಣಕ್ಕೆ ಸಿಂಗಾರ. ಗುಜರಿಯ ಉಕ್ಕು ಕರಗಿ ಮತ್ತೆ ಉಕ್ಕಾಗುತ್ತದೆ, ಅದಿರಿನಿಂದ ಮಾಡುವುದಕ್ಕಿಂತ ಅದಕ್ಕೆ ತಗಲುವ ಶಕ್ತಿ ಬಹಳ ಕಡಿಮೆ ಎಂಬುದೂ ನಿಜ. ಆದ್ದರಿಂದ ಎಲ್ಲ ಹಳೆಯದೂ ಉಳಿಯಲಿ ಎಂಬುದು ಇಲ್ಲಿನ ವಾದವಲ್ಲ. ಕಡಿಮೆ ಓಡುವ, ಗಟ್ಟಿ ಮೈಯ, ತಂತಿ ಮಾತ್ರ ಕೆಟ್ಟ ವಾಹನವನ್ನು ಕೊಲ್ಲುವುದು ತಪ್ಪು ಎಂಬುದಷ್ಟೇ ವಾದ. ವಾಹನದ ಪಾಪವನ್ನು ಅಳೆಯಬೇಕಾದುದು ಅದು ಓಡುವ ದೂರ ಮತ್ತು ಅದರ ಸ್ಥಿತಿಯಿಂದ; ಹುಟ್ಟಿದ ವರ್ಷದಿಂದ ಅಲ್ಲ.

ಕಾನೂನು ಕಾಣದ ವಾಹನ

ಕಾನೂನು ಮಾತ್ರ ವಯಸ್ಸನ್ನೇ ಮೊದಲು ನೋಡುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನಾಲ್ಕು ಚಕ್ರದ ಲಘು ವಾಹನಕ್ಕೆ 600 ರೂಪಾಯಿ ಇದ್ದ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಲಾಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದವುಗಳಿಗೆ ಅದನ್ನು 10,000 ಮಾಡಲಾಯಿತು. 2021ರ ಆಗಸ್ಟ್‌ನಲ್ಲಿ ಪ್ರಕಟವಾದ ಗುಜರಿ ನೀತಿ ಫಿಟ್‌ನೆಸ್ ಪರೀಕ್ಷೆಯನ್ನು ಆಧಾರವಾಗಿಟ್ಟುಕೊಂಡಿರುವುದು ಸರಿಯಾದ ಹೆಜ್ಜೆ. ಆದರೆ ಪರೀಕ್ಷೆಯಲ್ಲಿ ದೀಪ ಉರಿಯದೆ ಸೋತ ವಾಹನಕ್ಕೂ ಚಾಸಿಸ್ ಮುರಿದು ಸೋತ ವಾಹನಕ್ಕೂ ಇರುವ ಅಂತರವನ್ನು ಮಾಲೀಕನಿಗೆ ತಿಳಿಹೇಳುವವರಿಲ್ಲ. ಎಫ್.ಸಿ. ಆಗಲಿಲ್ಲ ಎಂಬ ಒಂದೇ ಮಾತು ಕೇಳಿ ಅವನು ಗುಜರಿಯವನಿಗೆ ಫೋನ್ ಮಾಡುತ್ತಾನೆ.

2021ರಲ್ಲಿಯೇ ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ವಿಂಟೇಜ್ ನೋಂದಣಿಯ ನಿಯಮ ಬಂದಿತು. ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ವಿಶಿಷ್ಟ ಸಂಖ್ಯಾಫಲಕ. ಷರತ್ತು ಒಂದೇ: ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ, ದುರಸ್ತಿ ಇಂಥವುಗಳ ಹೊರತು ದೈನಂದಿನ ಬಳಕೆಗೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ. ಸಿರಿವಂತರ ಗ್ಯಾರೇಜಿನಲ್ಲಿ ಹೊಳೆಯುವ ಕಾರಿಗೆ ಈ ನಿಯಮ ಹೊಂದುತ್ತದೆ. ಸೊಪ್ಪು ಹೊರುವ ಪಿಕಪ್ಪಿಗೆ ಅದರಲ್ಲಿ ಜಾಗವಿಲ್ಲ. ಹಳೆಯದು ಒಂದೋ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು, ಇಲ್ಲವೇ ಕುಲುಮೆಗೆ. ನಡುವೆ ದುಡಿದು ಬಾಳುವ ಹಳೆಯದು ಎಂಬ ಕಲ್ಪನೆಯೇ ನಿಯಮದಲ್ಲಿ ಮೂಡಲಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಆರಂಭಿಸಿ, ಕೃಷಿ ಉಪಕರಣ ಮತ್ತು ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಬಳಕೆದಾರನಿಗೆ ತನ್ನ ವಸ್ತುವನ್ನು ತಾನೇ ರಿಪೇರಿ ಮಾಡಿಕೊಳ್ಳುವ ಮಾಹಿತಿ ಸಿಗಬೇಕೆಂಬುದು ಅದರ ಆಶಯ. ಆಶಯ ಕಾಗದದಿಂದ ಕೆಳಗಿಳಿಯಬೇಕಾದರೆ ಹಕ್ಕನ್ನು ಬಳಸಬಲ್ಲ ಕೈಗಳು ಬೇಕು. ತಾಲ್ಲೂಕು ಕೇಂದ್ರಗಳ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಡೈನಮೊ ಬಿಚ್ಚಿ ಕಟ್ಟಬಲ್ಲ, ಕಟ್‌ಔಟಿನ ತುದಿಯನ್ನು ಉಜ್ಜಿ ಸರಿಪಡಿಸಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಅವರ ಬಳಿ ಹೆಲ್ಪರ್ ಆಗಿ ಸೇರುವ ಹುಡುಗರು ಕಡಿಮೆಯಾಗಿದ್ದಾರೆ. ನಾಟಿ ಬೀಜ ಉಳಿಸಲು ಮೇಳ ನಡೆಸುವ, ನಾಟಿ ವೈದ್ಯರ ತಿಳಿವಳಿಕೆಯನ್ನು ಬರೆದಿಡುವ ಸಂಘಟನೆಗಳಿಗೆ ಈ ಜ್ಞಾನವೂ ಅಳಿವಿನಂಚಿನಲ್ಲಿದೆ ಎಂಬುದು ಕಾಣಬೇಕಾಗಿದೆ.

ಮಾಡಬಹುದಾದುದು

ದೊಡ್ಡ ಯೋಜನೆಗಳಿಗೆ ಕಾಯದೆ ಊರಿನ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳಿವೆ. ಮಳೆಗಾಲ ಮುಗಿದ ಮೇಲೆ ತಾಲ್ಲೂಕಿಗೊಂದು ದುರಸ್ತಿ ಶಿಬಿರ ನಡೆಸಬಹುದು. ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು, ಐ.ಟಿ.ಐ. ಕಲಿಯುವ ನಾಲ್ಕಾರು ಮಕ್ಕಳು, ಒಂದು ಹಳೆಯ ಪಿಕಪ್ಪು ಇದ್ದರೆ ಸಾಕು. ಆ ವಾಹನದ ಎಂಟು ದಾರಿಗಳ ನಕ್ಷೆಯನ್ನು ಕನ್ನಡದಲ್ಲಿ ಬರೆದು ಹಂಚಬಹುದು. ಮಳೆಗಾಲಕ್ಕೆ ವಾಹನ ನಿಲ್ಲಿಸುವಾಗ ಬ್ಯಾಟರಿಯ ತುದಿ ಬಿಚ್ಚಿಡುವ, ತಿಂಗಳಿಗೊಮ್ಮೆ ಚಾರ್ಜು ಮಾಡುವ ಅಭ್ಯಾಸವನ್ನು ಹರಡಬಹುದು. ಸತ್ತ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಮರಳಿಸಿ ರಸೀದಿ ಪಡೆಯಬಹುದು. ನಾಲ್ಕು ಮನೆಗೆ ನಾಲ್ಕು ಹೊಸ ವಾಹನ ಬರುವ ಬದಲು ಚೆನ್ನಾಗಿ ರಿಪೇರಿಯಾದ ಒಂದೇ ಪಿಕಪ್ಪು ಸಾಲುವುದಿಲ್ಲವೇ ಎಂದು ಮಾತನಾಡಬಹುದು. ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಯೂ ಸ್ಪಷ್ಟವಿದೆ: ಶುಲ್ಕ ಮತ್ತು ನವೀಕರಣವನ್ನು ವರ್ಷಕ್ಕೆ ಓಡಿದ ಕಿಲೋಮೀಟರ್, ಹೊಗೆಯ ಅಳತೆ ಮತ್ತು ವಾಹನದ ಸುಸ್ಥಿತಿಗೆ ತಕ್ಕಂತೆ ನಿಗದಿಪಡಿಸಲಿ, ಪರೀಕ್ಷೆಯಲ್ಲಿ ಸೋತ ವಾಹನದ ದೋಷಗಳ ಪಟ್ಟಿಯನ್ನು ಬರೆದು ಕೊಟ್ಟು, ರಿಪೇರಿಗೆ ಕಾಲಾವಕಾಶ ನೀಡಲಿ.

ಪರಿಸರ ರಕ್ಷಣೆಯೆಂದರೆ ಹೊಸ, ಸ್ವಚ್ಛ, ಹಸಿರು ವಸ್ತುವನ್ನು ಕೊಳ್ಳುವುದು ಎಂಬ ನಂಬಿಕೆ ಮಾರುಕಟ್ಟೆಗೆ ಅನುಕೂಲವಾದುದು. ಇರುವುದನ್ನು ಅರಿತು, ಕೆಟ್ಟ ಭಾಗವನ್ನಷ್ಟೇ ಬದಲಿಸಿ, ಉಳಿದುದನ್ನು ಬಾಳಿಸುವುದು ಮಲೆನಾಡಿನ ಮನೆಗಳಿಗೆ ಹೊಸ ಪಾಠವೇನಲ್ಲ. ಮಳೆಗಾಲಕ್ಕೆ ಮುನ್ನ ಒಡೆದ ಹಂಚನ್ನಷ್ಟೇ ಬದಲಿಸಿ ಮಾಡನ್ನು ಉಳಿಸಿಕೊಂಡು ಬಂದ ಜನ ಇವರು. ಮಾಡಿನ ಅಡಿ ನಿಂತಿರುವ ಪಿಕಪ್ಪಿಗೂ ಅದೇ ನ್ಯಾಯ ಸಲ್ಲಬೇಕು. ಈ ಕೊಯ್ಲಿನ ಕಾಲದಲ್ಲಿ “ವೈರಿಂಗ್ ಪೂರ್ತಿ ಹೋಗಿದೆ” ಎಂಬ ಮಾತು ಕೇಳಿದಾಗ, ಗುಜರಿಯವನ ನಂಬರು ಹುಡುಕುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಟೆಸ್ಟ್ ಲ್ಯಾಂಪ್ ಹುಡುಕಲಿ.